ದೋಣಿಯ ಮೈಮೇಲೆ ಹಾರುವ ಬೆಳ್ಳಕ್ಕಿ: ಇನ್‌ಲೇ ಕುಸುರಿ ಯಾವಾಗ, ಎಷ್ಟು ಆಳಕ್ಕೆ, ಯಾವ ಮರದಲ್ಲಿ?

ಪ್ರಶ್ನೆ: ಹವ್ಯಾಸಕ್ಕಾಗಿ ಕಯಾಕ್ ಮಾದರಿಯ ದೋಣಿಯೊಂದನ್ನು ಕಟ್ಟುತ್ತಿದ್ದೇನೆ. 6 ಮಿ.ಮೀ. ದಪ್ಪದ ಸೀಡರ್ ಪಟ್ಟಿಗಳನ್ನು ಅಂಚಿಗೆ ಅಂಚು ಸೇರಿಸಿ ಅಂಟಿಸಿದ್ದೇನೆ. ಒಡಲೂ ಮೇಲ್ಹಾಸೂ ಮುಗಿದಿವೆ, ಇನ್ನೂ ಅಚ್ಚಿನ ಮೇಲೆಯೇ ಇವೆ. ಹೊರಮೈಯನ್ನು ಒರಟಾಗಿ ಉಜ್ಜಿದ್ದೇನೆ. ಫೈಬರ್‌ಗ್ಲಾಸ್ ಬಟ್ಟೆ ಹೊದಿಸಿಲ್ಲ. ಮುಂಭಾಗದ ಮೇಲ್ಹಾಸಿನಲ್ಲಿ ಬಿಳಿ ಮರದಿಂದ ಹಾರುವ ಬೆಳ್ಳಕ್ಕಿಯೊಂದನ್ನು ಕೂರಿಸಿ, ಎರಡೂ ಪಕ್ಕಗಳಲ್ಲಿ ಕಪ್ಪು ಮರದ ಗೆರೆಯೊಂದನ್ನು ಉದ್ದಕ್ಕೂ ಓಡಿಸುವ ಆಸೆ. ಮರವನ್ನು ಕೆತ್ತಿದರೆ ದೋಣಿಯ ಬಲ ಕುಂದುವುದಿಲ್ಲವೇ? ಬಟ್ಟೆ ಹೊದಿಸಿದ ಮೇಲೆ ತೆಳು ವೆನೀರ್ (ಹಾಳೆಯಂತೆ ಸೀಳಿದ ಮರದ ಪದರ) ಅಂಟಿಸಿದರೆ ಸಾಲದೇ? ಯಾವ ಮರ, ಯಾವ ಅಂಟು ಬಳಸಬೇಕು?

ಉತ್ತರ: ಸರಿಯಾದ ಹೊತ್ತಿನಲ್ಲಿ ಕೇಳಿದ್ದೀರಿ. ಇಂಥ ಪಟ್ಟಿದೋಣಿಯಲ್ಲಿ ಇನ್‌ಲೇ ಮಾಡಲು, ಅಂದರೆ ಮರದ ಮೈಯಲ್ಲಿ ಗುಳಿ ತೋಡಿ ಇನ್ನೊಂದು ಮರದ ಚಿತ್ರ ಕೂರಿಸಲು, ಒದಗುವ ಹದವಾದ ಸಮಯ ಒಂದೇ, ಮತ್ತು ನೀವು ಈಗ ಅಲ್ಲಿಯೇ ಇದ್ದೀರಿ. ಹೊರಮೈ ತಕ್ಕಮಟ್ಟಿಗೆ ಸಮವಾಗಿದೆ, ಒಡಲು ಅಚ್ಚಿನ ಆಸರೆಯಲ್ಲಿ ಅಲುಗದೆ ಕೂತಿದೆ, ಬಟ್ಟೆ ಮತ್ತು ಅದನ್ನು ನೆನೆಸಿ ಗಟ್ಟಿಯಾಗುವ ಎಪಾಕ್ಸಿ ಎಂಬ ಅಂಟು ಇನ್ನೂ ಬಂದಿಲ್ಲ. ಬಟ್ಟೆ ಹೊದಿಸುವ ಕೆಲಸವನ್ನು ಮುಂದಕ್ಕೆ ಹಾಕಿ.

ಮೊದಲು ಬಲದ ಮಾತು, ಏಕೆಂದರೆ ಮಿಕ್ಕ ಉತ್ತರಗಳೆಲ್ಲ ಅದರಿಂದಲೇ ಹೊರಡುತ್ತವೆ. ಪಟ್ಟಿದೋಣಿಯ ಗಟ್ಟಿತನವನ್ನು ಮರವೊಂದೇ ಹೊರುವುದಿಲ್ಲ. ಒಳಗೂ ಹೊರಗೂ ಎಪಾಕ್ಸಿಯಲ್ಲಿ ನೆನೆದ ಬಟ್ಟೆಯ ಎರಡು ಪದರಗಳಿರುತ್ತವೆ, ಅವನ್ನು ದೂರ ದೂರ ಹಿಡಿದಿಡುವುದು ನಡುವಿನ ಮರದ ಕೆಲಸ. ದೋಣಿ ಬಾಗಿದಾಗ ಎಳೆತ ಮತ್ತು ಒತ್ತಡ ಹೆಚ್ಚಾಗಿ ಬೀಳುವುದು ಆ ಪದರಗಳ ಮೇಲೆ. ಆದ್ದರಿಂದ ಮರದಲ್ಲಿ 1.5 ಮಿ.ಮೀ. ಆಳದ ಗುಳಿ ತೋಡಿ, ಅದನ್ನು ಇನ್ನೊಂದು ಮರದಿಂದ ಸಂದಿಲ್ಲದಂತೆ ತುಂಬಿ, ಮೇಲೆ ಬಟ್ಟೆ ಎಳೆದರೆ ಬಲಕ್ಕೆ ಏನೂ ಧಕ್ಕೆಯಿಲ್ಲ. ನೀರಿನ ಭಯವೂ ಅಲ್ಲಿಗೇ ಮುಗಿಯುತ್ತದೆ: ನೀರನ್ನು ತಡೆಯುವುದು ಮೇಲಿನ ಪದರ, ನಿಮ್ಮ ಹಕ್ಕಿ ಅದರ ಕೆಳಗೆ ಸುರಕ್ಷಿತವಾಗಿರುತ್ತದೆ.

ಬಟ್ಟೆಯ ಮೇಲೆ ಅಂಟಿಸುವ ವೆನೀರಿನ ಸ್ಥಿತಿ ಇದಕ್ಕೆ ತೀರಾ ತದ್ವಿರುದ್ಧ. ಅದು ಮೈಯಿಂದ ಎದ್ದು ನಿಂತಿರುತ್ತದೆ. ಹುಟ್ಟು ತಗುಲಿದಾಗ, ದೋಣಿಯನ್ನು ಹೆಗಲಿಗೇರಿಸಿದಾಗ, ದಡಕ್ಕೆ ಎಳೆದಾಗ ಮೊದಲು ಸವೆಯುವುದು ಅದರ ಅಂಚು. ಅಂಚು ಬಿರಿದ ಕೂಡಲೇ ತೇವ ಒಳನುಗ್ಗಿ ಬಿಳಿ ಮರ ಕಪ್ಪಿಡುತ್ತದೆ. ಅದನ್ನು ಕಾಪಾಡಲು ಮತ್ತೊಂದು ಪದರ ಬಟ್ಟೆ ಹೊದಿಸಲೇಬೇಕಾಗುತ್ತದೆ, ಆಗ ಉಬ್ಬು ಇನ್ನಷ್ಟು ಎದ್ದು ಕಾಣುತ್ತದೆ. ಇನ್‌ಲೇಯ ಸೊಬಗಿರುವುದೇ ಅದು ಮೈಯೊಳಗೆ ಸೇರಿಹೋಗುವುದರಲ್ಲಿ. ಬೆರಳಾಡಿಸಿದರೆ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ತಿಳಿಯಬಾರದು. ಮೇಲೆ ಅಂಟಿಸಿದ ಚಿತ್ರಕ್ಕೆ ಆ ಭಾಗ್ಯ ಇಲ್ಲ.

ಪ್ಲೈವುಡ್ ಹಾಳೆಗಳಿಂದ ದೋಣಿ ಕಟ್ಟುತ್ತಿರುವವರು ಇದನ್ನು ಓದುತ್ತಿದ್ದರೆ ಒಂದು ಎಚ್ಚರಿಕೆ. 4 ಮಿ.ಮೀ. ದಪ್ಪದ ಮೂರು ಪದರದ ಪ್ಲೈವುಡ್ಡಿನಲ್ಲಿ ಹೊರಪದರವೇ ಬಾಗುವಿಕೆಯನ್ನು ತಡೆಯುವ ಮುಖ್ಯ ಭಾಗ. ಅದನ್ನು ಅಡ್ಡಕ್ಕೆ ಕತ್ತರಿಸಿ ತೆಗೆದರೆ ಹಾಳೆ ಅಲ್ಲಿಯೇ ಮಡಚಿಕೊಳ್ಳಬಹುದು. ಅಂಥ ದೋಣಿಗೆ ಗುಳಿ ತೋಡುವ ಇನ್‌ಲೇ ಬೇಡ, 0.6 ಮಿ.ಮೀ. ವೆನೀರನ್ನು ಬರಿಮರದ ಮೇಲೆಯೇ ಅಂಟಿಸಿ, ಅಂಚನ್ನು ಉಜ್ಜಿ ಇಳಿಜಾರು ಮಾಡಿ, ಅದರ ಮೇಲೆ ಬಟ್ಟೆ ಹೊದಿಸುವುದು ಮೇಲು. ಬಟ್ಟೆಯೇ ಇಲ್ಲದೆ ಹಲಗೆ ಜೋಡಿಸಿ ಕಟ್ಟುವ ಸಾಂಪ್ರದಾಯಿಕ ದೋಣಿಯ ಹಲಗೆಗಳಂತೂ ನೀರು ಕುಡಿದು ಉಬ್ಬುತ್ತವೆ, ಒಣಗಿ ಕುಗ್ಗುತ್ತವೆ. ಅಲ್ಲಿ ಕುಸುರಿಯ ಜಾಗ ಒಡಲಲ್ಲ; ಆಸನ, ಚುಕ್ಕಾಣಿಯ ಹಿಡಿ, ಮೂತಿಯ ತ್ರಿಕೋನದ ಹಲಗೆ ಇಂಥವು.

ಈಗ ನಿಮ್ಮ ಬೆಳ್ಳಕ್ಕಿ. ಗರಗಸ ಹಿಡಿಯುವ ಮೊದಲು ಚಿತ್ರವನ್ನು ಅದರ ಅಳತೆಯಲ್ಲೇ ಕಾಗದದಲ್ಲಿ ಕತ್ತರಿಸಿ, ಮೇಲ್ಹಾಸಿಗೆ ಅಂಟುಪಟ್ಟಿಯಿಂದ ಹಚ್ಚಿ ಕೆಲವು ದಿನ ಹಾಗೆಯೇ ಬಿಡಿ. ನಿಂತು ನೋಡಿ, ಪಕ್ಕದಿಂದ ನೋಡಿ, ಕುಳಿತುಕೊಳ್ಳುವ ಜಾಗದ ಎತ್ತರಕ್ಕೆ ಕಣ್ಣಿಟ್ಟು ನೋಡಿ. ಹುಟ್ಟು ಹಾಕುವವರ ಕಣ್ಣು ಮೇಲ್ಹಾಸಿನಿಂದ 60 ಸೆಂ.ಮೀ. ಎತ್ತರದಲ್ಲಿದ್ದು ಚಿತ್ರ 1.2 ಮೀಟರ್ ಮುಂದಿದ್ದರೆ, ಅದರ ಉದ್ದ ನಿಜಕ್ಕಿಂತ ಅರ್ಧದಷ್ಟೂ ಕಾಣುವುದಿಲ್ಲ. ಕಾಗದದ ಮೇಲೆ ತೆಳ್ಳಗೆ, ನೀಳವಾಗಿದ್ದ ಹಕ್ಕಿ ಕುಳಿತವರಿಗೆ ಬಾತುಕೋಳಿಯಂತೆ ಕಂಡೀತು. ದಡದಲ್ಲಿ ನಿಂತವರಿಗೋ, ನಿಮ್ಮ ಕಣ್ಣಿಗೋ, ಯಾರಿಗಾಗಿ ಈ ಚಿತ್ರ ಎಂದು ತೀರ್ಮಾನಿಸಿ. ನಾನಾದರೆ ದೋಣಿಯಲ್ಲಿ ಕುಳಿತವರ ಪರ. ಗಂಟೆಗಟ್ಟಲೆ ಅದನ್ನು ನೋಡುವವರು ಅವರೇ. ಹಾಗಾಗಿ ಚಿತ್ರವನ್ನು ಉದ್ದಕ್ಕೆ ಸ್ವಲ್ಪ ಹಿಗ್ಗಿಸುತ್ತೇನೆ, ಪಕ್ಕದಿಂದ ನೋಡಿದವರಿಗೂ ವಿಕಾರವಾಗದಷ್ಟು.

ಇನ್ನೊಂದು ವಿಷಯ, ಚಿತ್ರ ಬಿಡಿಸುವವರು ಎಡವುವ ಜಾಗ. ಬೆಳ್ಳಕ್ಕಿ ಹಾರುವಾಗ ಕತ್ತನ್ನು ಮಡಚಿ ಎದೆಗೆ ಎಳೆದುಕೊಂಡಿರುತ್ತದೆ, ಕಾಲುಗಳು ಮಾತ್ರ ಹಿಂದಕ್ಕೆ ಚಾಚಿರುತ್ತವೆ. ಕತ್ತನ್ನು ನೀಟಾಗಿ ಮುಂದಕ್ಕೆ ಚಾಚಿ ಹಾರುವುದು ಬಣ್ಣದ ಕೊಕ್ಕರೆಯಂಥ ಹಕ್ಕಿಗಳು. ಹಕ್ಕಿಗಳನ್ನು ಬಲ್ಲವರು ನಿಮ್ಮ ದೋಣಿಯನ್ನು ನೋಡಿದಾಗ ಮೊದಲು ಗಮನಿಸುವುದು ಇದನ್ನೇ. ಮಡಚಿದ ಕತ್ತು ನಿಮಗೆ ಇನ್ನೊಂದು ಉಪಕಾರವನ್ನೂ ಮಾಡುತ್ತದೆ: ಸಪೂರವಾಗಿ ಚಾಚಿದ ಕತ್ತು ಕತ್ತರಿಸುವಾಗಲೇ ಮುರಿಯುವ ಅಪಾಯ ಹೆಚ್ಚು.

ಹಕ್ಕಿಯ ದಿಕ್ಕನ್ನು ಮರದ ಎಳೆಯೂ ನಿರ್ಧರಿಸುತ್ತದೆ. ಮರ ಉದ್ದಕ್ಕೆ ಹೆಚ್ಚುಕಡಿಮೆ ಅಲುಗುವುದೇ ಇಲ್ಲ, ಅಗಲಕ್ಕೆ ಅಲುಗುತ್ತದೆ. ಹಸಿಮರ ಪೂರ್ತಿ ಒಣಗುವವರೆಗೆ ವಾರ್ಷಿಕ ಉಂಗುರದ ಗುಂಟ ಕೆಂಪು ಸೀಡರ್ ಶೇ. 5ರಷ್ಟು ಕುಗ್ಗಿದರೆ ಗಟ್ಟಿ ಮೇಪಲ್ ಶೇ. 9.9ರಷ್ಟು ಕುಗ್ಗುತ್ತದೆ. ಉಂಗುರಗಳಿಗೆ ಅಡ್ಡಲಾಗಿ, ಅಂದರೆ ತಿರುಳಿನಿಂದ ತೊಗಟೆಯ ಕಡೆಗೆ, ಈ ಅಂಕಿಗಳು ಸುಮಾರು ಅರ್ಧಕ್ಕೆ ಇಳಿಯುತ್ತವೆ. ನಿಮ್ಮ ಕೈಯಲ್ಲಿರುವ ಒಣಮರದ ಲೆಕ್ಕದಲ್ಲಿ, 10 ಸೆಂ.ಮೀ. ಅಗಲದ ಮೇಪಲ್ ತುಂಡಿನ ತೇವಾಂಶ ಶೇ. 3ರಷ್ಟು ಬದಲಾದರೆ ಅದು ಒಂದು ಮಿ.ಮೀ.ವರೆಗೆ ಹಿಗ್ಗಲೋ ಕುಗ್ಗಲೋ ಬಯಸುತ್ತದೆ. ಅದರಡಿಯ ಸೀಡರ್ ಅಷ್ಟು ಬಯಸುವುದಿಲ್ಲ. ಎಪಾಕ್ಸಿಯ ಹೊದಿಕೆ ತೇವದ ಹೋಗುಬರುವಿಕೆಯನ್ನು ಬಹಳ ನಿಧಾನಗೊಳಿಸುತ್ತದೆ, ಪೂರ್ತಿ ನಿಲ್ಲಿಸುವುದಿಲ್ಲ. ಆದ್ದರಿಂದ ರೆಕ್ಕೆ ಅಗಲಿಸಿ ದೋಣಿಗೆ ಅಡ್ಡಲಾಗಿ ಹರಡಿದ ಹಕ್ಕಿಗಿಂತ, ರೆಕ್ಕೆಯೆತ್ತಿ ಹಿಂದಕ್ಕೆ ಬಾಗಿಸಿಕೊಂಡು ಮೂತಿಯ ಕಡೆಗೆ ಹಾರುವ ಹಕ್ಕಿ ವಾಸಿ. ಆಗ ಅದರ ಎಳೆ ಪಟ್ಟಿಗಳ ಎಳೆಯ ಜೊತೆಗೇ ಓರೆಯಾಗಿ ಸಾಗುತ್ತದೆ. ಮೈಯನ್ನೂ ರೆಕ್ಕೆಯನ್ನೂ ಒಂದೇ ಅಗಲ ತುಂಡಿನಲ್ಲಿ ಕತ್ತರಿಸದೆ 2–3 ಸೆಂ.ಮೀ. ಅಗಲದ ಗರಿಗಳಾಗಿ ಒಡೆಯಿರಿ. ಪ್ರತಿ ಗರಿಯ ಎಳೆ ಆ ಗರಿಯ ಉದ್ದಕ್ಕೇ ಇರಲಿ. ಬೆಸುಗೆಯ ಗೆರೆಗಳೇ ಗರಿಗಳ ಗೆರೆಗಳಾಗುತ್ತವೆ. ಚಿತ್ರಕಾರನ ಕೆಲಸ ಅರ್ಧ ಅಲ್ಲೇ ಆಯಿತು. ಕೊಕ್ಕು, ಕಾಲುಗಳಿಗೆ ಈ ನಿಯಮ ಇನ್ನೂ ಕಟ್ಟುನಿಟ್ಟು. ಕೊಕ್ಕಿನ ತುದಿಯಲ್ಲಿ ಎಳೆ ಅಡ್ಡ ಬಂದರೆ ಉಳಿ ತಾಗಿಸುವ ಮೊದಲೇ ತುದಿ ಉದುರಿ ನೆಲ ಸೇರುತ್ತದೆ.

ಮರದ ಆಯ್ಕೆಯಲ್ಲಿ ಜನ ಇಂದಿನ ಬಣ್ಣವನ್ನು ನೋಡುತ್ತಾರೆ. ನೋಡಬೇಕಾದದ್ದು ಎಪಾಕ್ಸಿ ಕುಡಿದ ಮೇಲಿನ ಬಣ್ಣ ಮತ್ತು ಬಿಸಿಲು ತಿಂದ ಮೇಲಿನ ಬಣ್ಣ. ಮೊದಲನೆಯದನ್ನು ತಿಳಿಯುವುದು ಸುಲಭ: ತುಂಡು ಮರಕ್ಕೆ ಸ್ಪಿರಿಟ್ ಒರೆಸಿ, ಒದ್ದೆಯಾಗಿರುವಷ್ಟು ಹೊತ್ತು ಕಾಣುವ ಬಣ್ಣವೇ ಹೆಚ್ಚುಕಡಿಮೆ ಎಪಾಕ್ಸಿಯ ಕೆಳಗಿನ ಬಣ್ಣ. ಮೇಪಲ್ ಆಗ ಬಿಳಿಯಿಂದ ತಿಳಿಜೇನಿನ ಕಡೆಗೆ ವಾಲುತ್ತದೆ. ಹಾಲಿ (holly) ಎಂಬ ಮರ ಅದಕ್ಕಿಂತ ಬಿಳಿ, ಎಳೆಯೂ ಕಣ್ಣಿಗೆ ಬೀಳದಷ್ಟು ನಯ. ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಕಾಗದದ ಬಿಳುಪು ಯಾವ ಮರದಲ್ಲೂ ಉಳಿಯುವುದಿಲ್ಲ, ಆದರೆ ಕೆಂಪು ಸೀಡರಿನ ನಡುವೆ ಅಷ್ಟು ಬಿಳುಪು ಬೇಕಾಗಿಯೂ ಇಲ್ಲ.

ಬಿಸಿಲಿನ ವಿಷಯ ಹೆಚ್ಚು ಕಠಿಣ. ಪಡಾಕ್ ಮರದ ಉರಿಗೆಂಪು ಕಾಲಕ್ರಮದಲ್ಲಿ ಕಂದಾಗುತ್ತದೆ, ಪರ್ಪಲ್‌ಹಾರ್ಟ್‌ನ ನೇರಳೆಯೂ ಅದೇ ದಾರಿ ಹಿಡಿಯುತ್ತದೆ, ವಾಲ್ನಟ್ ತಿಳಿಯಾಗುತ್ತದೆ, ಮೇಪಲ್ ಹಳದಿಗೆ ತಿರುಗುತ್ತದೆ. ಕಟ್ಟಿದ ದಿನ ಎದ್ದು ಕಂಡ ಎರಡು ಬಣ್ಣಗಳು ವರ್ಷಗಳು ಕಳೆದಂತೆ ಒಂದರ ಹತ್ತಿರ ಒಂದು ಸರಿಯುತ್ತವೆ. ಹಾಗಾಗಿ ಬಣ್ಣಗಳ ವ್ಯತ್ಯಾಸವನ್ನೇ ನಂಬಿದ ಚಿತ್ರ ಮಂಕಾಗುತ್ತದೆ. ಆಕಾರವನ್ನು ನಂಬಿದ ಚಿತ್ರ ನಿಲ್ಲುತ್ತದೆ. ಬಿಳಿಹಕ್ಕಿಯ ಸುತ್ತ ಕೂದಲೆಳೆಯಷ್ಟು ಕಪ್ಪು ವೆನೀರನ್ನು ನಿಲ್ಲಿಸಿ ಕೂರಿಸಿದರೆ ಬಣ್ಣಗಳು ಎಷ್ಟೇ ಸರಿದರೂ ಹಕ್ಕಿ ಹಕ್ಕಿಯಾಗಿಯೇ ಕಾಣುತ್ತದೆ. ಕಪ್ಪಿಗೆ ಎಬೋನಿ ಒಳ್ಳೆಯದು. ಬಣ್ಣ ಹಾಕಿದ ವೆನೀರ್ ಕೊಳ್ಳುವುದಾದರೆ ಬಣ್ಣ ಮೇಲ್ಮೈಗಷ್ಟೇ ಹತ್ತಿದೆಯೋ ಆರಪಾರ ಇಳಿದಿದೆಯೋ ಎಂದು ಅಂಚನ್ನು ಕತ್ತರಿಸಿ ನೋಡಿ, ಉಜ್ಜುವಾಗ ಮೇಲ್ಪದರ ಹೋಗಿಬಿಡುತ್ತದೆ.

ಗರಿಗಳಿಗೆ ನೆರಳು ಬೇಕೆಂದರೆ ಬಣ್ಣದ ಗೊಡವೆಯೇ ಬೇಡ. ಬಾಣಲೆಯಲ್ಲಿ ಸಣ್ಣ ಮರಳನ್ನು ಚೆನ್ನಾಗಿ ಕಾಯಿಸಿ, ಗರಿಯ ಒಂದು ಅಂಚನ್ನಷ್ಟೇ ಅದರಲ್ಲಿ ಕೆಲವು ಸೆಕೆಂಡು ಅದ್ದಿ ತೆಗೆಯಿರಿ. ಆಳದಲ್ಲಿ ಮರಳು ಹೆಚ್ಚು ಬಿಸಿ, ಮೇಲೆ ಕಡಿಮೆ. ಅದರಿಂದ ಅಂಚಿನಲ್ಲಿ ಗಾಢ ಕಂದು, ಒಳಕ್ಕೆ ಬಂದಂತೆ ತೆಳುವಾಗಿ ಕರಗುವ ನೆರಳು ಮೂಡುತ್ತದೆ. ಕುಂಚದಿಂದ ಇಷ್ಟು ನವಿರಾದ ಇಳಿತವನ್ನು ತರುವುದು ಕಷ್ಟ. ಈ ನೆರಳು ಬಿಸಿಲಿಗೆ ಸುಲಭವಾಗಿ ಮಾಸುವುದೂ ಇಲ್ಲ. ಮೇಲಿನ ಅರ್ಧ ಮಿ.ಮೀ. ಮರ ಉಜ್ಜಿ ಹೋಗುವುದರಿಂದ ಸುಡುವಿಕೆ ಅದಕ್ಕಿಂತ ಆಳಕ್ಕೆ ಇಳಿದಿರಬೇಕು. ಉಳಿದ ಚೂರೊಂದನ್ನು ಅದ್ದಿ, ಉಜ್ಜಿ, ಹೊತ್ತನ್ನು ಗೊತ್ತುಮಾಡಿಕೊಂಡ ಮೇಲೆ ಗರಿಗೆ ಕೈಹಾಕಿ.

ಗರಿಗಳನ್ನು 2 ಮಿ.ಮೀ. ದಪ್ಪಕ್ಕೆ ಸೀಳಿಕೊಳ್ಳಿ. ಅಕ್ಕಪಕ್ಕದ ಎರಡು ಗರಿಗಳನ್ನು ಒಂದರ ಮೇಲೊಂದಿಟ್ಟು, ತೆಳು ಬ್ಲೇಡಿನ ಫ್ರೆಟ್ ಗರಗಸದ ಮೇಜನ್ನು ಓರೆ ಮಾಡಿ ಒಟ್ಟಿಗೆ ಕೊಯ್ಯುವುದು ಹಳೆಯ ಉಪಾಯ. ಓರೆ ಸರಿಯಿದ್ದರೆ ಮೇಲಿನ ತುಂಡು ಕೆಳಗಿನದರೊಳಗೆ ಜಾರಿ, ಬ್ಲೇಡ್ ತಿಂದ ಸಂದು ಪೂರ್ತಿ ಮುಚ್ಚಿಹೋಗುತ್ತದೆ. ಬ್ಲೇಡಿನ ದಾರಿ 0.25 ಮಿ.ಮೀ., ಮರ 2 ಮಿ.ಮೀ. ಆದರೆ ಓರೆ ಸುಮಾರು 7 ಡಿಗ್ರಿ. ಮರ ತೆಳುವಾದಷ್ಟೂ ಓರೆ ಏರುತ್ತದೆ; 0.6 ಮಿ.ಮೀ. ವೆನೀರಿಗೆ 25 ಡಿಗ್ರಿಯ ಹತ್ತಿರ ಬರುತ್ತದೆ, ಅಷ್ಟು ಓರೆಯಲ್ಲಿ ಅಂಚು ಹರಿಯುತ್ತದೆ. ಅದಕ್ಕೇ ತೆಳು ವೆನೀರನ್ನು ಗರಗಸಕ್ಕಿಂತ ಚೂರಿಯಿಂದ ಕತ್ತರಿಸುವುದು ಸರಿ.

ನಿಮ್ಮ ಮೇಲ್ಹಾಸು ಅಡ್ಡಕ್ಕೂ ಉದ್ದಕ್ಕೂ ಬಾಗಿರುತ್ತದೆ, ಚಪ್ಪಟೆ ಹಾಳೆಯಾದರೋ ಒಂದು ದಿಕ್ಕಿಗಷ್ಟೇ ಬಾಗುತ್ತದೆ. ಇಡೀ ಹಕ್ಕಿಯನ್ನು ಒಂದೇ ಹಾಳೆಯಾಗಿ ಜೋಡಿಸಿ ಒತ್ತಿದರೆ ಯಾವುದಾದರೂ ಮೂಲೆ ಎದ್ದೇಳುತ್ತದೆ. ಮೈ ಒಂದು, ರೆಕ್ಕೆಗಳು ಎರಡು, ಹೀಗೆ ಮೂರು ಭಾಗವಾಗಿ ಜೋಡಿಸಿಕೊಂಡು ಒಂದೊಂದಾಗಿ ಕೂರಿಸಿ.

ಗುಳಿ ತೋಡುವುದು ಈ ಕೆಲಸದ ತಿರುಳು. ಜೋಡಿಸಿದ ಭಾಗವನ್ನು ಎರಡೂ ಮುಖ ಅಂಟುವ ತೆಳು ಟೇಪಿನಿಂದ ಜಾಗದಲ್ಲಿ ಹಿಡಿಸಿ, ಹರಿತವಾದ ಚೂರಿಯಿಂದ ಸುತ್ತ ಗೀಚಿ. ಪೆನ್ಸಿಲ್ ಬೇಡ, ಪೆನ್ಸಿಲ್ ಗೆರೆಗೆ ಅಗಲವಿದೆ, ಆ ಅಗಲವೇ ನಾಳೆ ಸಂದಾಗುತ್ತದೆ. ಮೊದಲ ಗೀಚು ತೀರಾ ಹಗುರವಾಗಿರಲಿ. ಸೀಡರಿನ ಮೈಯಲ್ಲಿ ಮೆತ್ತನೆಯ ಮರವೂ ಗಟ್ಟಿ ಗೆರೆಗಳೂ ಒಂದಾದ ಮೇಲೊಂದು ಬರುತ್ತವೆ. ಎಳೆಗೆ ಸಮಾನಾಂತರವಾಗಿ ಚೂರಿ ಸಾಗುವಾಗ ಒತ್ತಿದಿರೋ, ಅದು ನಿಮ್ಮ ಗೆರೆಯನ್ನು ಬಿಟ್ಟು ಮರದ ಗೆರೆಯನ್ನು ಹಿಡಿದು ಹೋಗುತ್ತದೆ. ಜಾರಿದರೂ ಚೂರಿ ಗುಳಿಯ ಒಳಗೇ ಜಾರುವಂತೆ ದಿಕ್ಕು ಆರಿಸಿಕೊಳ್ಳಿ. ಎರಡು ಮೂರು ಹಗುರ ಗೀಚುಗಳಾದ ಮೇಲೆ ತುಂಡನ್ನು ಎಬ್ಬಿಸಿ, ಗೆರೆಯನ್ನು 1.5 ಮಿ.ಮೀ.ವರೆಗೆ ಆಳ ಮಾಡಿ. ಬಾಗಿದ ಮೈಮೇಲೆ ಚೂರಿ ಆಯಾ ಜಾಗದ ಮೈಗೆ ನೆಟ್ಟಗೆ ನಿಂತಿರಬೇಕು, ನೆಲಕ್ಕೆ ನೆಟ್ಟಗಲ್ಲ.

ಒಳಗಿನ ಮರವನ್ನು ಸಣ್ಣ ರೂಟರಿನಿಂದ (ತಿರುಗುವ ಅಲಗಿನಿಂದ ಮರ ತೋಡುವ ಯಂತ್ರ) ತೆಗೆಯಬಹುದು. ಆದರೆ ರೂಟರಿನ ಚಪ್ಪಟೆ ತಳ ಬಾಗಿದ ಮೇಲ್ಹಾಸಿನ ಮೇಲೆ ಓಲಾಡುತ್ತದೆ, ಒಂದು ಓಲಾಟಕ್ಕೆ ಆಳ ಒಂದು ಮಿ.ಮೀ. ತಪ್ಪಿದರೆ ನಿಮ್ಮಲ್ಲಿರುವ 6 ಮಿ.ಮೀ.ಯಲ್ಲಿ ಅದು ದೊಡ್ಡ ನಷ್ಟ. ಒಳಮೈಯನ್ನು ಮುಂದೆ ಉಜ್ಜುವಾಗ ಅಲ್ಲಿಂದಲೂ ಅರ್ಧ ಮಿ.ಮೀ. ಹೋಗುತ್ತದೆ ಎಂಬುದು ನೆನಪಿರಲಿ. ತಳಕ್ಕೆ ಕಿರಿದಾದ ಹಲಗೆಯ ತುಂಡನ್ನು ಕಟ್ಟಿ, ಗೆರೆಯಿಂದ ಒಂದು ಮಿ.ಮೀ. ಒಳಗೇ ನಿಲ್ಲಿಸಿ, ಉಳಿದದ್ದನ್ನು ಉಳಿಯಿಂದ ಗೆರೆಯ ಕಡೆಗೆ ತಳ್ಳುತ್ತ ಬಿಡಿಸಿ. ಪುಟ್ಟ ಹಕ್ಕಿಯಾದರೆ ರೂಟರಿನ ಸಹವಾಸವೇ ಬೇಡ, ಉಳಿಯೇ ಸಾಕು. ಸೀಡರ್ ಅಷ್ಟು ಮೆತ್ತಗೆ ಕೆತ್ತಿಸಿಕೊಳ್ಳುತ್ತದೆ.

ತುಂಡು ಬಿಗಿಯಾಗಿ ಕೂರಲಿ ಎಂದು ಕೆಲವರು ಅದರ ಅಂಚನ್ನು ಕೆಳಕ್ಕೆ ಕಿರಿದಾಗುವಂತೆ ತುಸು ಓರೆ ಮಾಡುತ್ತಾರೆ. ಒಂದೆರಡು ಡಿಗ್ರಿ ಸರಿ. ಅದಕ್ಕಿಂತ ಹೆಚ್ಚಾದರೆ ಕೂರಿಸಿದಾಗ ಸಂದೇ ಇಲ್ಲದ ಇನ್‌ಲೇ, ಮೇಲ್ಮೈ ಉಜ್ಜಿ ಕೆಳಗಿಳಿದಂತೆ ಸುತ್ತಲೂ ಬಾಯಿ ತೆರೆಯುತ್ತದೆ.

ಅಂಟಿಗೆ ಎಪಾಕ್ಸಿಯೇ ಉತ್ತರ. ಬಿಳಿ ಮರಗೆಲಸದ ಅಂಟಿನಲ್ಲಿ ನೀರಿದೆ, ತೆಳು ಮರ ಅದನ್ನು ಕುಡಿದು ಉಬ್ಬಿ ಸುರುಳಿಯಾಗುತ್ತದೆ. ಮೈಮೇಲೆ ಉಕ್ಕಿದ ಅಂಟು ಎಳೆಗಳನ್ನು ಮುಚ್ಚಿ, ಮುಂದೆ ಬಟ್ಟೆಯ ಕೆಳಗೆ ಮಸುಕು ಕಲೆಯಾಗಿ ಉಳಿಯುತ್ತದೆ. ಕ್ಷಣದಲ್ಲಿ ಹಿಡಿಯುವ ತೆಳು ಅಂಟು ಕೂಡ ಸೀಡರಿನೊಳಗೆ ಹರಿದು ಹೀಗೆಯೇ ಕಲೆ ಮಾಡುತ್ತದೆ. ಎಪಾಕ್ಸಿಯನ್ನು ಎರಡು ಸಲ ಹಚ್ಚಿ. ಮೊದಲು ಏನೂ ಬೆರೆಸದ್ದನ್ನು ಗುಳಿಗೂ ತುಂಡಿನ ತಳಕ್ಕೂ ಸವರಿ ಕೆಲವು ನಿಮಿಷ ಬಿಡಿ. ಒಣ ಸೀಡರ್ ಬೇಕಾದಷ್ಟು ಕುಡಿದುಕೊಳ್ಳಲಿ. ಆಮೇಲೆ ಸೀಡರಿನದೇ ನಯವಾದ ಪುಡಿ ಬೆರೆಸಿ ಗಟ್ಟಿ ಮಾಡಿದ್ದನ್ನು ಹಚ್ಚಿ ಕೂರಿಸಿ. ಮೊದಲನೆಯದನ್ನು ಬಿಟ್ಟರೆ ಮರ ಅಂಟನ್ನೆಲ್ಲ ಹೀರಿ ಅಡಿಯಲ್ಲಿ ಪೊಳ್ಳು ಉಳಿಯುತ್ತದೆ, ಮುಂದೆ ಬಟ್ಟೆಯ ಕೆಳಗೆ ಏಳುವ ಗುಳ್ಳೆಯ ಮೂಲ ಆ ಪೊಳ್ಳೇ. ಎಬೋನಿ, ಬೀಟೆ, ತೇಗದಂಥ ಎಣ್ಣೆಯಂಶದ ಮರಗಳ ತಳವನ್ನು ಒರಟಾಗಿ ಉಜ್ಜಿ, ಅಂಟಿಸುವ ಸ್ವಲ್ಪವೇ ಮೊದಲು ಅಸಿಟೋನಿನಿಂದ ಒರೆಸಿ. ಒತ್ತಡಕ್ಕೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಫೋಮ್, ಅದರ ಮೇಲೆ ಮರಳಿನ ಚೀಲ. ಇಳಿಜಾರಿನಲ್ಲಿ ಚೀಲ ಜಾರುವುದಾದರೆ ಒಡಲನ್ನು ಸುತ್ತಿ ಪಟ್ಟಿ ಬಿಗಿಯಿರಿ. ಮೊಳೆ, ಪಿನ್ನು ಬೇಡ.

ಈಗ ನಿಮ್ಮ ಹಕ್ಕಿ ಅರ್ಧ ಮಿ.ಮೀ. ಎದ್ದು ನಿಂತಿದೆ, ಮತ್ತು ಕೈಯಲ್ಲಿ ಉಪ್ಪುಕಾಗದ ಹಿಡಿಯುವ ಆಸೆಯಾಗುತ್ತದೆ. ದಯವಿಟ್ಟು ತಡೆಯಿರಿ. ಮೇಪಲ್ ಗಟ್ಟಿ, ಸೀಡರ್ ಮೆದು. ಬೆರಳಿನಿಂದಲೋ ಮೆತ್ತನೆಯ ತಳದ ಯಂತ್ರದಿಂದಲೋ ಉಜ್ಜಿದರೆ ಕಾಗದ ಸುತ್ತಲಿನ ಸೀಡರನ್ನು ತಿಂದು ಹಕ್ಕಿಯನ್ನು ದ್ವೀಪ ಮಾಡಿ ನಿಲ್ಲಿಸುತ್ತದೆ. ವಾರ್ನಿಶ್ ಬಂದ ದಿನ ಆ ತಗ್ಗು ಬೆಳಕಿನಲ್ಲಿ ಅಲೆಯಂತೆ ಕಾಣುತ್ತದೆ, ಆಗ ಸರಿಪಡಿಸಲು ದಾರಿಯಿಲ್ಲ. ಮೊದಲು ಹರಿತವಾದ ಪುಟ್ಟ ಹತ್ತರಿಯಿಂದ ಹಕ್ಕಿಯನ್ನಷ್ಟೇ ಕೀಸಿ, ಸೀಡರಿನ ಮಟ್ಟಕ್ಕೆ ಹತ್ತಿರ ಬಂದಾಗ ಉಕ್ಕಿನ ಹೆರೆಯುವ ತಗಡನ್ನು ಹಿಡಿಯಿರಿ. ಕೊನೆಗೆ ಗಟ್ಟಿ ಮರದ ಉದ್ದ ತುಂಡಿಗೆ ಸುತ್ತಿದ 80ರ ಒರಟಿನ ಉಪ್ಪುಕಾಗದ, ನಂತರ 120ರದು. ಎಪಾಕ್ಸಿಯ ಕೆಳಗೆ ಅದಕ್ಕಿಂತ ನುಣುಪು ಬೇಕಿಲ್ಲ. ಸೀಡರಿನ ಕೆಂಪು ಪುಡಿ ಬಿಳಿ ಗರಿಗಳ ಎಳೆಗೆ ಸೇರಿ ಮಂಕಾಗಿಸುತ್ತದೆ, ಆದ್ದರಿಂದ ನಿರ್ವಾತ ಯಂತ್ರದಿಂದ ಆಗಾಗ ಹೀರಿ ತೆಗೆದು, ಹಕ್ಕಿಯ ಮೇಲಿನ ಕೊನೆಯ ಕೆಲಸವನ್ನು ಹೆರೆಯುವ ತಗಡಿಗೇ ಬಿಡಿ. ದ್ರಾವಕ ಹಾಕಿ ಒರೆಸಬೇಡಿ, ಬಣ್ಣ ಬಿಡುವ ಮರದ ಬಳಿಯಂತೂ ಖಂಡಿತ ಬೇಡ. ಪಡಾಕಿನ ಕೆಂಪು ಬಿಳಿ ಮರಕ್ಕೆ ಹತ್ತಿದರೆ ಮತ್ತೆ ಬಿಡುವುದಿಲ್ಲ. ಉಕ್ಕಿನ ಉಣ್ಣೆಯೂ ಬೇಡ, ಅದರ ಚೂರುಗಳು ಎಳೆಯಲ್ಲಿ ಸಿಕ್ಕಿ ತುಕ್ಕಿನ ಚುಕ್ಕೆಗಳಾಗುತ್ತವೆ.

ಪಕ್ಕದ ಗೆರೆ ಇದಕ್ಕಿಂತ ಸುಲಭ, ಆದರೆ ಅಲ್ಲಿ ಕಣ್ಣೇ ಯಜಮಾನ. ದೋಣಿಯ ಮೇಲಂಚು ಮೂತಿಯಿಂದ ಹಿಂಬದಿಯವರೆಗೆ ಒಂದು ಬಾಗಿನಲ್ಲಿ ಸಾಗುತ್ತದಲ್ಲ, ನಿಮ್ಮ ಗೆರೆ ಅದರ ಜೊತೆಗೆ ಹೋಗಬೇಕು. ತೆಳುವಾದ ಉದ್ದ ಮರದ ಪಟ್ಟಿಯನ್ನು ಪಕ್ಕಕ್ಕೆ ಹಿಡಿಸಿ, ಬಹಳ ದೂರದಲ್ಲಿ ನಿಂತು ನೋಡಿ. ಹತ್ತಿರದಿಂದ ಸರಿ ಕಂಡ ಗೆರೆ ದೂರದಿಂದ ದೋಣಿಯ ಬೆನ್ನು ಮುರಿದಂತೆ ಕಾಣಬಹುದು. ಅಗಲ 6 ಮಿ.ಮೀ. ಮೀರಬೇಡಿ, 3 ಇದ್ದರೆ ಇನ್ನೂ ಚೆಂದ. ಅದೇ ಪಟ್ಟಿಯನ್ನು ಆಸರೆಯಾಗಿ ಹಿಡಿದು ರೂಟರ್ ಓಡಿಸಿ. ಇಷ್ಟುದ್ದದ ತೋಡು ಬಟ್ಟೆ ಬರುವವರೆಗೆ ಒಡಲಿನಲ್ಲಿ ಮಡಿಕೆಯ ಗೆರೆಯಂತೆ ಇರುತ್ತದೆ. ಅದು ತುಂಬಿ, ಹೊರಮೈಗೆ ಬಟ್ಟೆ ಹೊದ್ದು ಗಟ್ಟಿಯಾಗುವವರೆಗೆ ದೋಣಿಯನ್ನು ಅಚ್ಚಿನಿಂದ ಎಬ್ಬಿಸಬೇಡಿ. ತೂಕದ ಚಿಂತೆ ಬಿಡಿ. 300 ಚದರ ಸೆಂ.ಮೀ. ಹಕ್ಕಿ ಒಂದೂವರೆ ಮಿ.ಮೀ. ದಪ್ಪವಿದ್ದರೂ, ಕೆತ್ತಿ ತೆಗೆದ ಸೀಡರಿನ ತೂಕ ಕಳೆದರೆ, ದೋಣಿಗೆ ಸೇರುವುದು ಹದಿನೈದು ಗ್ರಾಂ ಆಸುಪಾಸು.

ಬಟ್ಟೆ ಹೊದಿಸುವಾಗ ಒಂದು ಮಾತು ಸಾಕು: ಕೋಣೆಯ ಬಿಸಿ ಏರುವ ಹೊತ್ತಿನಲ್ಲಿ ಬೇಡ, ಇಳಿಯುವ ಹೊತ್ತಿನಲ್ಲಿ ಮಾಡಿ. ಬಿಸಿಯಾಗುವ ಮರ ಗಾಳಿ ಬಿಡುತ್ತದೆ, ತಣ್ಣಗಾಗುವ ಮರ ಎಪಾಕ್ಸಿಯನ್ನು ಒಳಗೆಳೆದುಕೊಳ್ಳುತ್ತದೆ. ಪ್ರತಿ ಚದರ ಮೀಟರಿಗೆ 200 ಗ್ರಾಂ ತೂಗುವ ಬಟ್ಟೆ ಸರಿಯಾಗಿ ನೆನೆದರೆ ಕಣ್ಣಿಗೆ ಕಾಣದಂತೆ ಮಾಯವಾಗುತ್ತದೆ, ಹಕ್ಕಿ ಮಾತ್ರ ಉಳಿಯುತ್ತದೆ.

ಎಪಾಕ್ಸಿಗೆ ಬಿಸಿಲು ಆಗದು. ನೇರಳಾತೀತ ಕಿರಣ ತಡೆಯುವ ವಾರ್ನಿಶನ್ನು ಕಡಿಮೆಯೆಂದರೂ ನಾಲ್ಕು ಸಲ ಬಳಿಯಿರಿ, ಬಳಸದಿರುವಾಗ ದೋಣಿಯನ್ನು ನೆರಳಿನಲ್ಲಿಡಿ. ಹೊಳಪು ಮಂಕಾಗತೊಡಗಿದಾಗಲೇ ಹಗುರವಾಗಿ ಉಜ್ಜಿ ಮತ್ತೆ ಬಳಿದರೆ ಕೆಲಸ ವಾರ್ನಿಶಿನಲ್ಲೇ ಮುಗಿಯುತ್ತದೆ. ಬಿಟ್ಟರೆ ಅಡಿಯ ಎಪಾಕ್ಸಿ ಬೆಳ್ಳಗೆ ಪುಡಿಯಾಗಿ, ಹಕ್ಕಿಯ ಮೇಲಿನ ಬಟ್ಟೆಯವರೆಗೂ ಉಜ್ಜಬೇಕಾಗಿ ಬರುತ್ತದೆ.